ಕೆಳಗಿನ ಮನೆಯವನು

“ಮನೆ ಮಾರೋಕೆ ಅಗ್ರಿಮೆಂಟು ಮಾಡಿಕೊಟ್ಟಿದ್ದು ನಿಮಗೆ. ನೀವದನ್ನ ಇನ್ಯಾರದೋ ಹೆಸರಿಗೆ ದಾಟಿಸಿಬಿಟ್ರಿ. ನಾನು ರಿಜಿಸ್ಟ್ರಿಗೆ ಬರಲ್ಲ,” ಎಂದು ಮನೆಯೊಡತಿ ಪಂಕಜಮ್ಮ ಖಡಾಖಂಡಿತವಾಗಿ ಹೇಳಿಬಿಟ್ಟರು.

“ಕೋರ್ಟಿಗೆ ಹೋಗ್ಬೇಕಾಗುತ್ತಮ್ಮ,” ಎಂದ ಬ್ರೋಕರ್.

“ಧಾರಾಳವಾಗಿ ಹೋಗಿ. ಆ ಪುಣ್ಯಾತ್ಮ ಬಂದು ಮೊದಲು ಈ ಮಹದೇವನ್ನ ಬೀದಿಗೆ ಹಾಕ್ತಾನೆ. ಕೆಳಗಡೆ ಬಾಡಿಗೆಗಿದ್ರೂ ನನಗಿವನು ಮಗನ ಹಾಗೆ.”

ಮಹದೇವ ಬಾಗಿಲ ಬಳಿಯೇ ನಿಂತಿದ್ದ. ಅನ್ನ ಕೊಡುತ್ತಿದ್ದ ಟೆಂಪೊ ಮಾರಿ ಆ ಅಗ್ರಿಮೆಂಟನ್ನು ಬ್ರೋಕರಿನಿಂದ ತನ್ನ ಹೆಸರಿಗೆ ಬರೆಸಿಕೊಂಡಿದ್ದವನು ಅವನೇ. ಹೆಸರು ಹೇಳಬೇಡಿ ಎಂದು ಬ್ರೋಕರಿಗೆ ಕೈಮುಗಿದಿದ್ದ. ಇಂಥವರಿಂದ ಮುಚ್ಚಿಟ್ಟೆನಲ್ಲ ಎಂದು ಈಗ ನಾಚಿಕೆಯಾಯಿತು.

“ಅಮ್ಮ, ತಗೊಂಡಿರೋನು ನಾನೇ. ನೀವು ಮೇಲ್ಗಡೆ ಎಷ್ಟು ದಿನ ಬೇಕಾದ್ರೂ ಇರಿ.”

ಪಂಕಜಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ನೀನು ಯಾವಾಗ ಖಾಲಿ ಮಾಡ್ತೀಯ?”