ಕೊನೆಯವರು ಮುಚ್ಚುವ ಬಾಗಿಲು

"ಈ ಸಲಾನೂ ನೀವು ಕೊನೇಗೇ ಕೂತ್ಕೊಳ್ಳಿ, ಶಿಗೆನೊ. ಮೊದಲ ಜಾಗ ಹತಾನೊ ಅವರಿಗಿರಲಿ," ಎಂದರು ಚಹಾವಿಧಿ ಕಲಿಸುವ ಕುವಾಬಾರಾ ಗುರುಗಳು, ಒಲೆಯ ಕಡೆಗೇ ನೋಡುತ್ತ.

ಒಲೆಗೆ ಬೂದಿ ಜರಡಿ ಹಿಡಿಯುತ್ತಿದ್ದ ಶಿಗೆನೊಳ ಕೈ ನಿಂತಿತು. ಚಳಿಗಾಲದ ಈ ಮೊದಲ ಚಹಾಕೂಟದಲ್ಲಿ ಮೊದಲ ಜಾಗ ನಿಮ್ಮದೇ ಎಂದು ಬೇಸಿಗೆಯಲ್ಲಿ ಅವಳ ಮನೆಗೇ ಬಂದು, ತೀರಿಹೋದ ಗಂಡ ಇಸಾಕುವಿನ ಪಟಕ್ಕೆ ಊದುಬತ್ತಿ ಹಚ್ಚಿ ಹೇಳಿದವರು ಇದೇ ಗುರುಗಳು.

"ಮಾತು ಕೊಟ್ಟಿದ್ರಿ."

"ಕೊಟ್ಟಿದ್ದೆ, ಇಲ್ಲ ಅಂದ್ನಾ? ಆದ್ರೆ ನಗರಸಭೆ ಅಧ್ಯಕ್ಷರ ಹೆಂಡತೀನ ಹಿಂದೆ ಕೂರಿಸೋಕಾಗುತ್ತಾ? ನೀವಾದ್ರೆ ಮನೆಯವರು. ನಿಮ್ಮ ಹಾಗೆ ಕೊನೇ ಜಾಗ ನಿಭಾಯಿಸೋರು ಈ ಊರಲ್ಲಿ ಇನ್ನೊಬ್ಬರಿಲ್ಲ."

ಹೊಗಳಿ ಹೊನ್ನಶೂಲಕ್ಕೇರಿಸುವುದು ಗುರುಗಳಿಗೆ ಹೊಸದಲ್ಲ. ಶಿಗೆನೊಳಿಗೆ ದೊಡ್ಡಸ್ತಿಕೆಯ ಆಸೆಯೂ ಇರಲಿಲ್ಲ. ಚಹಾಕೋಣೆಯಲ್ಲಿ ಗುರುಗಳನ್ನು ಪ್ರಶ್ನೆ ಕೇಳುವ ಹಕ್ಕು ಮೊದಲ ಜಾಗದವರಿಗೆ ಮಾತ್ರ. ಉಳಿದವರು ಕುಡಿದು ತಲೆಬಾಗಿದರೆ ಮುಗಿಯಿತು. ಚಹಾ ಆದ ಮೇಲೆ ಆ ಮೊದಲಿನವರು ಚಹಾಪುಡಿ ತೆಗೆಯುವ ಬಿದಿರಿನ ಚಮಚವನ್ನು ಕೈಗೆತ್ತಿಕೊಂಡು, "ಇದು ಯಾರ ಕೈಕೆಲಸ?" ಎಂದು ಕೇಳಬೇಕು, ಗುರುಗಳು ಹೆಸರು ಹೇಳಬೇಕು. ಗುರುಗಳ ಚಮಚಗಳನ್ನೆಲ್ಲ ಬದುಕಿಡೀ ಕೆತ್ತಿಕೊಟ್ಟವನು ಇಸಾಕು. ಅವುಗಳ ಡಬ್ಬಿಗಳ ಮೇಲೆ ಮಸಿಯಲ್ಲಿ ಬಿದ್ದದ್ದು ಮಾತ್ರ ಗುರುಗಳ ಹೆಸರು. "ಪದ್ಧತಿ ಕಣೇ, ಎಲ್ಲಾ ಕಡೆ ಹಿಂಗೇ," ಎಂದು ಇಸಾಕು ನಗುತ್ತಿದ್ದ. ಅವಳಿಗೆ ನಗು ಬರುತ್ತಿರಲಿಲ್ಲ. ಸತ್ತ ಮೇಲಾದರೂ ಒಮ್ಮೆ, ಆ ಕೋಣೆಯೊಳಗೆ, ಗುರುಗಳ ಬಾಯಲ್ಲೇ ಅವನ ಹೆಸರು ಕೇಳಬೇಕೆಂದಿತ್ತು, ಅಷ್ಟೇ.

"ಇವತ್ತು ಯಾವ ಚಮಚ ತೆಗೀತೀರಿ?"

"ಇಸಾಕುದೇ. ಆಸ್ಪತ್ರೆಗೆ ಹೋಗೋ ಮುಂಚೆ ಕೆತ್ತಿಕೊಟ್ಟದ್ದು. ಅದರಷ್ಟು ಚೆಂದದ್ದು ಇನ್ನೊಂದಿಲ್ಲ."

"ಹತಾನೊ ಅವರು ಕೇಳ್ತಾರಲ್ಲ, ಯಾರ ಕೈಕೆಲಸ ಅಂತ."

ಗುರುಗಳು ಇದ್ದಿಲನ್ನು ಚಿಮಟದಿಂದ ಆಚೀಚೆ ಸರಿಸಿದರು. "ಕೇಳಿದ್ರೆ ಪದ್ಧತಿ ಇದ್ದೇ ಇದೆಯಲ್ಲ. ಬೇಗ ಮುಗಿಸಿ, ಅವರು ಬರೋ ಹೊತ್ತಾಯ್ತು."

ಶಿಗೆನೊ ಬೂದಿಯನ್ನು ಎಂದಿನಂತೆ ನಯವಾಗಿ ಹರವಿ, ಕೈ ತೊಳೆದು, ತೋಟದ ಬೆಂಚಿನ ಮೇಲೆ ಅತಿಥಿಗಳ ಕೊನೆಯಲ್ಲಿ ಹೋಗಿ ಕುಳಿತಳು. ಹತಾನೊ ಹೊಸ ರೇಷ್ಮೆ ಕಿಮೋನೋ ಉಟ್ಟು ಬಂದಿದ್ದರು. ತಮ್ಮ ಜಾಗದಿಂದ ಎದ್ದು ಬಂದು ಶಿಗೆನೊಳ ಹತ್ತಿರ ಬಾಗಿ, "ಚಮಚದ ಬಗ್ಗೆ ಏನೋ ಕೇಳಬೇಕಂತಲ್ಲ, ಯಾವಾಗ ಕೇಳೋದು? ನಂಗೆ ಎಲ್ಲಾ ಮರೆತೇ ಹೋಗುತ್ತೆ," ಎಂದು ಪಿಸುಗುಟ್ಟಿದರು. ಶಿಗೆನೊ ಹೇಳಿಕೊಟ್ಟಳು. ಒಂದೊಂದೂ ಸರಿಯಾಗಿಯೇ ಹೇಳಿಕೊಟ್ಟಳು.

ಚಹಾಕೋಣೆಯ ಬಾಗಿಲು ಮೊಣಕಾಲೂರಿ ನುಸುಳುವಷ್ಟೇ ಚಿಕ್ಕದು. ಮೊದಲು ಹತಾನೊ, ಅವರ ಹಿಂದೆ ಉಳಿದ ಇಬ್ಬರು ಒಳಗೆ ಹೋದರು. ಅವರ ಚಪ್ಪಲಿಗಳನ್ನು ಜೋಡಿಸಿ ಗೋಡೆಗೆ ಒರಗಿಸುವುದು ಕೊನೆಯವರ ಕೆಲಸ, ಶಿಗೆನೊ ಒರಗಿಸಿದಳು. ಒಳಗೆ ಬಂದು ಬಾಗಿಲನ್ನು ಸದ್ದಾಗುವಂತೆ ಮುಚ್ಚುವುದೂ ಕೊನೆಯವರ ಕೆಲಸವೇ. ಪಕ್ಕದ ಕೋಣೆಯಲ್ಲಿ ಗುರುಗಳು ಆ ಸದ್ದಿಗೇ ಕಾದಿದ್ದು, ತಲೆ ಬಾಗಿಸಿಕೊಂಡೇ ತಮ್ಮ ಬಾಗಿಲು ಸರಿಸುತ್ತಾರೆ. ಎಲ್ಲರೂ ಒಳಗೆ ಬಂದರೆಂಬುದಕ್ಕೆ ಅದೇ ಗುರುತು.

ಶಿಗೆನೊ ತನ್ನ ಚಪ್ಪಲಿ ಬಿಡಲಿಲ್ಲ. ಹೊರಗೆ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಬಾಗಿಲಿನ ಅಂಚು ಹಿಡಿದು ಎಳೆದಳು. ಟಕ್ ಎಂದಿತು, ಪ್ರತಿ ವರ್ಷದಂತೆಯೇ.

ಒಳಗೆ ಗುರುಗಳ ಬಾಗಿಲು ಸರಿದ ಸದ್ದಾಯಿತು. "ಎಲ್ಲರೂ ಬಂದ್ರಿ," ಎಂದಿತು ಅವರ ದನಿ, "ಬಹಳ ಸಂತೋಷ."