ಪೆನ್ನಿನ ಮೇಲಿನ ಕಲೆ

ಕೆಂಪು ಪೆಟ್ಟಿಗೆಗೆ ಅಂಟಿಸಿದ್ದ ಟೇಪನ್ನು ಯಾರೋ ಕಿತ್ತಿದ್ದರು. ನರ್ಸಮ್ಮ ಕನ್ನಡಕ ಏರಿಸಿಕೊಂಡು ಇನ್ನೊಮ್ಮೆ ನೋಡಿದಳು. ಸಂಶಯವೇ ಇಲ್ಲ, ನಿನ್ನೆ ಸಂಜೆ ತಾನೇ ಅಂಟಿಸಿ ಮೇಲೊಂದು ಅಡ್ಡಗೆರೆ ಎಳೆದಿದ್ದ ಟೇಪು ಅದು. ಶಾಲೆಯ ಊಟದ ಕೋಣೆಯ ಗೋಡೆಗೆ ಹೊಡೆದಿದ್ದ, ಗಾಜಿನ ಮುಚ್ಚಳದ ಆ ಪೆಟ್ಟಿಗೆಯಲ್ಲಿ ಇದ್ದದ್ದು ಒಂದೇ ವಸ್ತು, ಸೂಜಿ ಪೆನ್ನು. ಮೂರನೇ ತರಗತಿಯ ಹುಡುಗಿ ಗುಬ್ಬಿಗೆ ಕಡಲೆಕಾಯಿಯ ಒಂದು ಚೂರು ನಾಲಿಗೆಗೆ ತಾಗಿದರೂ ಗಂಟಲು ಊದಿ ಉಸಿರು ಕಟ್ಟುತ್ತದೆ. ಆಗ ತಡಮಾಡದೆ ಅವಳ ತೊಡೆಗೆ ಒತ್ತಬೇಕಾದ ಔಷಧ ಆ ಪೆನ್ನಿನಲ್ಲಿತ್ತು.

'ಇದು ಅವನದೇ ಕೆಲಸ' ಅಂದುಕೊಂಡಳು ನರ್ಸಮ್ಮ. ಅವನೆಂದರೆ ಶಾಲೆಯ ಅಡುಗೆಯವನು. ಎರಡು ವಾರದ ಹಿಂದೆ ಸಿಬ್ಬಂದಿಗೆಲ್ಲ ಅವಳು ಪೆನ್ನು ಬಳಸುವ ತರಬೇತಿ ಕೊಟ್ಟಿದ್ದಳು. ಹಾಜರಿ ಪಟ್ಟಿಯಲ್ಲಿ ಅಡುಗೆಯವನ ಸಹಿ, ಅವನ ಸಹಾಯಕಿಯ ಸಹಿ, ಎರಡೂ ಒಬ್ಬರೇ ಗೀಚಿದ ಹಾಗಿದ್ದವು. ಆವತ್ತು ಅವನ ಮುಖ ಕಂಡ ನೆನಪೂ ಅವಳಿಗಿರಲಿಲ್ಲ. ಗುಬ್ಬಿಯ ತಟ್ಟೆ ಬೇರೆ, ಸೌಟು ಬೇರೆ, ಒರೆಸುವ ಬಟ್ಟೆ ಬೇರೆ ಎಂದು ಅಡುಗೆಮನೆಯ ಬಾಗಿಲಿಗೆ ಹನ್ನೆರಡು ನಿಯಮ ಅಂಟಿಸಿದಾಗ ಅವನು ಎಲ್ಲದಕ್ಕೂ ಹೂಂ ಹೂಂ ಅಂದಿದ್ದ. ಅಷ್ಟು ಸಲೀಸಾಗಿ ಹೂಂಗುಟ್ಟುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ನಿನ್ನೆಯಂತೂ ಪೆಟ್ಟಿಗೆಯ ಗಾಜಿಗೆ ಮೂಗು ತಾಗಿಸಿ ನಿಂತಿದ್ದವನು ಇವಳನ್ನು ಕಂಡದ್ದೇ ಕಳ್ಳಬೆಕ್ಕಿನ ಹಾಗೆ ಜಾರಿಕೊಂಡಿದ್ದ. ಟೇಪು ಅಂಟಿಸಿದ್ದು ಅದಕ್ಕೇ.

ನರ್ಸಮ್ಮನಿಗೇನು, ಇದು ತಮಾಷೆಯೇ? ದಿನಾ ಊಟದ ಹೊತ್ತಿಗೆ ಗುಬ್ಬಿ ತಟ್ಟೆ ಹಿಡಿದು ಎದುರಿಗೆ ಬಂದು "ತಿನ್ಲಾ?" ಅಂತ ಕೇಳುತ್ತಾಳೆ. ನರ್ಸಮ್ಮ ತಲೆಯಾಡಿಸಿದರೆ ಉಂಟು, ಇಲ್ಲದಿದ್ದರೆ ತುತ್ತು ಎತ್ತುವುದಿಲ್ಲ. ಗುಬ್ಬಿಯ ಅಮ್ಮ ಮೊದಲ ದಿನವೇ ಮಾಡಿಸಿದ ರೂಢಿ ಅದು.

ಪೆನ್ನನ್ನು ತೆಗೆದು ಬೆಳಕಿಗೆ ಹಿಡಿದಳು. ಬಿಳಿ ಹಿಡಿಕೆಯ ಮೇಲೆ ಗುಲಾಬಿ ಬಣ್ಣದ ಹೆಬ್ಬೆಟ್ಟಿನ ಕಲೆ. ಬೀಟ್‌ರೂಟ್! ಈ ಶಾಲೆಯಲ್ಲಿ ಬೀಟ್‌ರೂಟ್ ಹೆಚ್ಚುವವರು ಇನ್ಯಾರಿದ್ದಾರೆ? ಸಿಕ್ಕಿಬಿದ್ದೆಯಾ ಮಗನೇ ಎಂದು ನೇರ ಅಡುಗೆಮನೆಗೆ ನುಗ್ಗಿದಳು.

"ಪೆಟ್ಟಿಗೆ ತೆಗೆದಿದ್ದು ಯಾರು?"

ಗುಬ್ಬಿಯ ತಟ್ಟೆ ತೊಳೆಯುತ್ತಿದ್ದ ಅಡುಗೆಯವನು ನಲ್ಲಿ ನಿಲ್ಲಿಸಿದ. "ನಾನೇ ಸಿಸ್ಟರ್. ನಿಮ್ಮ ಹತ್ರಾನೇ ಬರೋನಿದ್ದೆ."

"ಬರ್ತೀರಿ, ಬರ್ತೀರಿ! ತರಬೇತಿಗೆ ಬರ್ದೇನೆ ಸಹಿ ಹಾಕೋದು, ಮುಟ್ಬೇಡಿ ಅಂದಿದ್ದನ್ನ ಮುಟ್ಟೋದು. ಆ ಮಗು ಜೀವ ಅಂದ್ರೆ ಹುಡುಗಾಟ ಆಗೋಯ್ತಾ ನಿಮಗೆ?"

"ಸಹಾಯಕಿ ಸಹಿ ನಾನು ಹಾಕಿದ್ದು ನಿಜ. ಅವಳ ಮಗೂಗೆ ಜ್ವರ ಅಂತ ಬಂದಿರ್ಲಿಲ್ಲ. ತಪ್ಪೇ ಅದು, ಬೈಯ್ರಿ. ಆದ್ರೆ ನಾನು ಬಂದಿದ್ದೆ, ಕಂಬದ ಹಿಂದೆ ಕೂತಿದ್ದೆ. ಬೀಟ್‌ರೂಟ್ ಹೆಚ್ತಾ ಇದ್ದೋನು ಹೊತ್ತಾಯ್ತು ಅಂತ ಹಾಗೇ ಓಡಿ ಬಂದಿದ್ದೆ. ಈ ಕಲೆ ಆವತ್ತಿಂದು."

"ಆವತ್ತು ಈ ಪೆನ್ನನ್ನ ನಾನು ಯಾರ ಕೈಗೂ ಕೊಟ್ಟಿಲ್ಲ ಕಣ್ರೀ! ನಿಮಗೆಲ್ಲ ಕೊಟ್ಟಿದ್ದು ಅಭ್ಯಾಸದ ಪೆನ್ನು. ಅದರಲ್ಲಿ ಸೂಜಿನೂ ಇಲ್ಲ, ಔಷಧಾನೂ ಇಲ್ಲ."

"ಅದು ಗೊತ್ತು ಸಿಸ್ಟರ್. ಅದಕ್ಕೇ ಕೇಳ್ತಿರೋದು. ನನ್ನ ಕೈ ಕಲೆ ಪೆಟ್ಟಿಗೆ ಒಳಗೆ ಹೇಗೆ ಬಂತು?"

"ನಾಟಕ ಬೇಡ. ಬೆಳಿಗ್ಗೆ ಮುಟ್ಟಿದಾಗ ಆಗಿರತ್ತೆ."

"ಆವತ್ತಿಂದ ಈ ಅಡುಗೆಮನೆಗೆ ಬೀಟ್‌ರೂಟೇ ಬಂದಿಲ್ಲ. ನಿನ್ನೆ ಗಾಜಲ್ಲಿ ಕಲೆ ಕಂಡಾಗ್ಲೇ ಎದೆ ಧಸಕ್ ಅಂತು. ಖಾತ್ರಿ ಇಲ್ದೆ ಬಾಯ್ಬಿಟ್ರೆ ನೀವು ನನ್ನ ಸುಮ್ನೆ ಬಿಡ್ತಿದ್ರಾ? ಅದಕ್ಕೇ ಬೆಳಿಗ್ಗೆ ಟೇಪು ಕಿತ್ತು ನೋಡ್ದೆ, ನನ್ನ ಹೆಬ್ಬೆಟ್ಟೇ."

ಹೇಳುತ್ತಲೇ ಅವನು ಅವಳ ಕೈಯಿಂದ ಪೆನ್ನು ತೆಗೆದುಕೊಂಡು ಮುಚ್ಚಳ ಕಿತ್ತ. "ಅಯ್ಯೋ, ಬೇಡ! ಇರೋದೇ ಒಂದು!" ಎಂದು ನರ್ಸಮ್ಮ ಕಿರುಚಿದಳು. ಅವನು ಅವಳು ಕಲಿಸಿದ ಹಾಗೆಯೇ ಪೆನ್ನನ್ನು ತೊಡೆಗೆ ಒತ್ತಿ ಹಿಡಿದು ಹತ್ತರವರೆಗೆ ಎಣಿಸಿದ. ಟಿಕ್ ಎಂದಿತು, ಅಷ್ಟೇ. ಸೂಜಿ ಚುಚ್ಚಲಿಲ್ಲ, ಪ್ಯಾಂಟಿನ ಮೇಲೆ ಒಂದು ಹನಿಯೂ ಇರಲಿಲ್ಲ.

ನರ್ಸಮ್ಮ ತನ್ನ ಕೋಣೆಗೆ ಓಡಿದಳು. ಮೇಜಿನ ಕೆಳಗಿದ್ದ ತರಬೇತಿಯ ಚೀಲವನ್ನು ನೆಲಕ್ಕೆ ಸುರಿದಳು. ಕರಪತ್ರ, ಹಾಜರಿ ಪಟ್ಟಿ, ಅವುಗಳ ಅಡಿಯಲ್ಲಿ ಸೀಲು ಒಡೆಯದ ಅಸಲಿ ಪೆನ್ನು ತಣ್ಣಗೆ ಮಲಗಿತ್ತು. ಆವತ್ತು ಎಲ್ಲರಿಗೂ ಎರಡನ್ನೂ ಪಕ್ಕಪಕ್ಕ ಹಿಡಿದು ತೋರಿಸಿದವಳು ಅವಳೇ. ತರಬೇತಿ ಮುಗಿದ ಗಡಿಬಿಡಿಯಲ್ಲಿ ಒಂದನ್ನು ಪೆಟ್ಟಿಗೆಗೂ ಇನ್ನೊಂದನ್ನು ಚೀಲಕ್ಕೂ ಹಾಕಿದವಳೂ ಅವಳೇ. ಅಭ್ಯಾಸದ ಪೆನ್ನಿನ ಗುರುತಿನ ಚೀಟಿ ನಲವತ್ತು ಕೈ ದಾಟುವಷ್ಟರಲ್ಲಿ ಕಿತ್ತುಹೋಗಿತ್ತು. ಆಮೇಲಿನ ಎರಡೂ ಸೋಮವಾರ ಗಾಜಿನಿಂದಲೇ ಇಣುಕಿ 'ಪೆನ್ನು ಇದೆ' ಎಂದು ತಪಾಸಣೆಯ ಪಟ್ಟಿಯಲ್ಲಿ ಟಿಕ್ ಹಾಕಿದ್ದಳು. ಅಷ್ಟೂ ದಿನ ಗುಬ್ಬಿ ಬಂದು ಕೇಳಿದಾಗಲೆಲ್ಲ ತಲೆಯಾಡಿಸಿದ್ದಳು.

ಊಟದ ಗಂಟೆ ಹೊಡೆಯಿತು. ಅಸಲಿ ಪೆನ್ನನ್ನು ಪೆಟ್ಟಿಗೆಯಲ್ಲಿಟ್ಟಳು, ಮುಚ್ಚಿದಳು, ಮತ್ತೆ ತೆಗೆದು ನೋಡಿದಳು. ಅಡುಗೆಯವನು ಬೇರೆ ಸೌಟಿನಿಂದ ಗುಬ್ಬಿಯ ತಟ್ಟೆಗೆ ಬಡಿಸಿಟ್ಟು ನಿಂತಿದ್ದ. ಮಕ್ಕಳ ಸಾಲು ಗಲಾಟೆ ಮಾಡುತ್ತ ಒಳಗೆ ಬಂತು. ಗುಬ್ಬಿ ಎಂದಿನ ಹಾಗೆ ತಟ್ಟೆ ಹಿಡಿದು ನರ್ಸಮ್ಮನ ಎದುರಿಗೆ ಬಂದು ಮುಖ ಎತ್ತಿದಳು.

"ತಿನ್ಲಾ?"

ನರ್ಸಮ್ಮನ ಕತ್ತು ಅಲುಗಲಿಲ್ಲ. ಅವಳು ಹಿಂದೆ ತಿರುಗಿ ಅಡುಗೆಯವನ ಮುಖ ನೋಡಿದಳು.