ನೋವು ಸೊನ್ನೆ

ಕಾಲೇಜಿನಲ್ಲಿ ಕಪ್ಪೆ ಕೊಯ್ಯುವವರು ಅದಕ್ಕಾಗುವುದನ್ನೆಲ್ಲ ತಾವೂ ಅನುಭವಿಸಬೇಕೆಂಬ ಕಾನೂನು ಬಂದ ಮೇಲೆ ಕೊಯ್ಯುವುದರ ಪರ-ವಿರೋಧದ ಗಲಾಟೆ ತಣ್ಣಗಾಗಿತ್ತು. ನಫೀಸಾ ಎಲ್ಲರಂತೆ ಹಣೆಗೆ ಪಟ್ಟಿ ಕಟ್ಟಿಕೊಂಡಳು. ಅದರ ತಂತಿಯ ಇನ್ನೊಂದು ತುದಿ ಟ್ರೇಯಲ್ಲಿದ್ದ ಕಪ್ಪೆಯ ತಲೆಗಿತ್ತು. ಕಟ್ಟಿದ್ದೇ ತಡ, ಅವಳ ಎದೆ ಡವಡವ ಹೊಡೆದುಕೊಳ್ಳತೊಡಗಿತು.

"ಸರ್, ತುಂಬಾ ಭಯ ಆಗ್ತಿದೆ."

"ಮೊದಲ್ನೇ ಸಲ ಎಲ್ರಿಗೂ ಆಗುತ್ತಮ್ಮ," ಎಂದ ಹಾಲಪ್ಪ ಮೇಷ್ಟ್ರು ವಾಡಿಕೆಯಂತೆ ಅವಳ ಅಂಗೈಗೂ ಒಂದು ಪೆಪ್ಪರಮೆಂಟು ಹಾಕಿ, ಕಪ್ಪೆಯ ನೋವಿನ ಮೀಟರ್ ನೋಡಿದರು. "ಕಪ್ಪೆಗೆ ಮರಗಟ್ಟಿಸೋ ಮದ್ದು ಹಿಡಿದಿದೆ. ನೋವು ಸೊನ್ನೆ. ಕೊಯ್ಯಿ."

ಸುತ್ತಲಿನವರ ಕೈಗಳೂ ನಡುಗುತ್ತಿದ್ದವು. ಎಲ್ಲರೂ ತಮ್ಮ ಪುಕ್ಕಲುತನಕ್ಕೆ ನಾಚಿಕೊಂಡು ಪೆಪ್ಪರಮೆಂಟು ಚೀಪುತ್ತಿದ್ದರು.

ಬೆವರು ಒರೆಸಿಕೊಳ್ಳಲು ನಫೀಸಾ ಪಟ್ಟಿಯನ್ನು ತುಸು ಮೇಲೆತ್ತಿದಳು. ದೀಪ ಆರಿಸಿದ ಹಾಗೆ ಭಯ ಮಾಯವಾಯಿತು, ಕೈನಡುಕ ನಿಂತಿತು. ಅವಳು ಕಪ್ಪೆಯತ್ತ ನೋಡಿದಳು. ಅಲುಗಾಡಲಾರದೆ ಬಿದ್ದಿದ್ದ ಅದು, ಪಕ್ಕದ ಮೇಜಿನ ಕಪ್ಪೆಯ ಮೇಲೆ ಇಳಿಯುತ್ತಿದ್ದ ಬ್ಲೇಡನ್ನೇ ನೋಡುತ್ತಿತ್ತು.

"ಸರ್, ಹೆದರಿರೋದು ನಾನಲ್ಲ."

"ಭಯಕ್ಕೆ ಮೀಟರ್ ಇಲ್ಲಮ್ಮ. ಬೇಗ ಮುಗಿಸು."

ನಫೀಸಾ ಬ್ಲೇಡನ್ನು ಕೆಳಗಿಟ್ಟಳು. ಕಪ್ಪೆಯೊಂದೇ ಹೆದರುತ್ತ ಮಲಗಿರುವುದು ಬೇಡವೆನಿಸಿ, ನಡುಗುವುದು ಗೊತ್ತಿದ್ದೂ ಪಟ್ಟಿಯನ್ನು ಮತ್ತೆ ಹಣೆಗೆ ಎಳೆದುಕೊಂಡಳು.